ರೇ ಕಾನಿಫ್: ಕೊರಳನ್ನು ವಾದ್ಯವಾಗಿಸಿದ ಮೇಳಗಾರ

ಅಮೆರಿಕದ ಜನಪ್ರಿಯ ಸಂಗೀತದ ಚರಿತ್ರೆಯನ್ನು ಬರೆಯುವವರು ರೇ ಕಾನಿಫ್ ಅವರನ್ನು ಸಾಮಾನ್ಯವಾಗಿ ಎರಡು ಸಾಲುಗಳಲ್ಲಿ ಮುಗಿಸಿಬಿಡುತ್ತಾರೆ. ಅದರಲ್ಲಿ ಒಂದು ಸಾಲು ‘ಈಝಿ ಲಿಸನಿಂಗ್’, ಅಂದರೆ ಹೆಚ್ಚು ಗಮನ ಬೇಡದ ಹಗುರ ಸಂಗೀತ, ಎಂಬ ತುಸು ಅಸಡ್ಡೆಯ ಹಣೆಪಟ್ಟಿಗೇ ಮೀಸಲು. ಅವರ ಧ್ವನಿಮುದ್ರಿಕೆಗಳೆಲ್ಲವೂ ಶ್ರೇಷ್ಠವೆಂದು ನಾನು ವಾದಿಸುವುದಿಲ್ಲ. ಅನೇಕವು ಕಂಪನಿಯ ಒತ್ತಾಯಕ್ಕೆ ಬೇಗಬೇಗನೆ ತಯಾರಾದಂತೆ ಕೇಳಿಸುತ್ತವೆ. ಆದರೆ 1950ರ ದಶಕದ ಎರಡನೆಯ ಭಾಗದಲ್ಲಿ ಅವರು ಮನುಷ್ಯನ ಕೊರಳನ್ನು ವಾದ್ಯಮೇಳದೊಳಗೆ ಕೂರಿಸಿದ ರೀತಿ ಒಂದು ನಿಜವಾದ ಆವಿಷ್ಕಾರವೆಂಬುದು ನನ್ನ ಅಭಿಪ್ರಾಯ.

ಕಾನಿಫ್ ಹುಟ್ಟಿದ್ದು 1916ರ ನವೆಂಬರ್ 6ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಆಟಲ್‌ಬರೊ ಎಂಬ ಊರಿನಲ್ಲಿ. ತಂದೆ ಟ್ರಾಂಬೋನ್ ಎಂಬ ಹಿತ್ತಾಳೆಯ ಊದುವಾದ್ಯ ನುಡಿಸುತ್ತಿದ್ದರು, ತಾಯಿ ಪಿಯಾನೊ ನುಡಿಸುತ್ತಿದ್ದರು. ಮಗ ತಂದೆಯ ವಾದ್ಯವನ್ನೇ ಹಿಡಿದರು. ಶಾಲೆ ಮುಗಿಸಿ ಬಾಸ್ಟನ್ನಿಗೆ, ಅಲ್ಲಿಂದ ನ್ಯೂಯಾರ್ಕಿಗೆ ಹೋದ ಅವರು ಬನ್ನಿ ಬೆರಿಗನ್, ಬಾಬ್ ಕ್ರಾಸ್ಬಿ, ಆರ್ಟಿ ಶಾ ಮುಂತಾದವರ ಬಿಗ್ ಬ್ಯಾಂಡುಗಳಲ್ಲಿ, ಅಂದರೆ ದೊಡ್ಡ ಜಾಝ್ ವಾದ್ಯಮೇಳಗಳಲ್ಲಿ, ವಾದಕರಾಗಿ ದುಡಿದರು. ಅವರ ಮನಸ್ಸು ಮಾತ್ರ ನುಡಿಸುವುದಕ್ಕಿಂತ ಹೆಚ್ಚಾಗಿ, ಯಾವ ವಾದ್ಯ ಯಾವ ಸಾಲನ್ನು ಯಾವಾಗ ನುಡಿಸಬೇಕೆಂದು ಬರೆಯುವ ಅರೇಂಜರ್ ಕೆಲಸದ ಕಡೆಗೆ ವಾಲಿತ್ತು. ಗರ್ಶ್ವಿನ್ ರಚಿಸಿದ ‘’ಸ್ ವಂಡರ್‌ಫುಲ್’ ಗೀತೆಯನ್ನು ಅವರು ಆರ್ಟಿ ಶಾ ತಂಡಕ್ಕಾಗಿ ಸಂಯೋಜಿಸಿದ್ದರು. ಮುಂದೆ ಅದೇ ಹೆಸರು ಅವರ ಮೊದಲ ಆಲ್ಬಮ್ಮಿನ ಮೇಲೂ ಬಂತು.

ಎರಡನೆಯ ಮಹಾಯುದ್ಧದ ನಂತರ ಹ್ಯಾರಿ ಜೇಮ್ಸ್ ತಂಡಕ್ಕೆ ಬರೆಯುತ್ತಿದ್ದ ಕಾಲಕ್ಕೆ ಬಿಗ್ ಬ್ಯಾಂಡುಗಳ ನೃತ್ಯಲಯದ ಜಾಝ್ ಆದ ಸ್ವಿಂಗ್‌ನ ಯುಗ ಮುಗಿಯುತ್ತ ಬಂದಿತ್ತು. ಬೀಬಾಪ್ ಎಂಬ ವೇಗದ, ಜಟಿಲವಾದ ಜಾಝ್ ಶೈಲಿ ಮುನ್ನೆಲೆಗೆ ಬಂದಿತ್ತು. ಕಾನಿಫ್ ಅವರಿಗೆ ಆ ದಾರಿ ಹಿಡಿಸಲಿಲ್ಲ, ಹೀಗಾಗಿ ತಂಡವನ್ನು ಬಿಟ್ಟರು. ಆಮೇಲಿನ ವರ್ಷಗಳು ಕಷ್ಟದವು. ಕೆಲಸವಿಲ್ಲದ ಆ ದಿನಗಳಲ್ಲಿ ಅವರು ಮಾಡಿದ ಒಂದು ಕೆಲಸ ನನಗೆ ಅವರ ಇಡೀ ಬದುಕಿನಲ್ಲೇ ಕುತೂಹಲಕರವೆನಿಸುತ್ತದೆ: ಜನಮೆಚ್ಚಿದ ಹಾಡುಗಳನ್ನು ಒಂದೊಂದಾಗಿ ತೆಗೆದುಕೊಂಡು, ಅವು ಗೆದ್ದದ್ದು ಏಕೆಂದು ವಿದ್ಯಾರ್ಥಿಯಂತೆ ಕುಳಿತು ಬಿಡಿಸಿ ನೋಡಿದರು. ಗಾಯಕನ ಹಿನ್ನೆಲೆಯಲ್ಲಿ ಪುಟ್ಟದೊಂದು ಸ್ವರಗುಚ್ಛ ಮತ್ತೆಮತ್ತೆ ಬಂದು ಕಿವಿಯಲ್ಲಿ ಕೂರುವುದು ಅಂಥ ಹಾಡುಗಳ ಸಾಮಾನ್ಯ ಲಕ್ಷಣವೆಂದು ಅವರು ಕಂಡುಕೊಂಡರು. ಸ್ಫೂರ್ತಿಯನ್ನೇ ನಂಬಿದ ಕಲಾವಿದರಿಗೆ ಇದು ವ್ಯಾಪಾರಿಯ ಲೆಕ್ಕಾಚಾರದಂತೆ ಕಾಣಬಹುದು. ನನಗೆ ಇದು ಕಸುಬುದಾರನ ಪ್ರಾಮಾಣಿಕತೆಯಾಗಿಯೇ ಕಾಣುತ್ತದೆ.

ಲೆಕ್ಕ ತಪ್ಪಲಿಲ್ಲ. ಕೊಲಂಬಿಯಾ ರೆಕಾರ್ಡ್ಸ್‌ನಲ್ಲಿ ಯಾವ ಗಾಯಕ ಯಾವ ಹಾಡು ಹಾಡಬೇಕೆಂದು ನಿರ್ಧರಿಸುತ್ತಿದ್ದ ಮಿಚ್ ಮಿಲ್ಲರ್, ಕಾನಿಫ್ ಅವರಿಗೆ ಅವಕಾಶ ಕೊಟ್ಟರು. 1955ರಲ್ಲಿ ಡಾನ್ ಚೆರಿ ಹಾಡಿದ ‘ಬ್ಯಾಂಡ್ ಆಫ್ ಗೋಲ್ಡ್’ ಕಾನಿಫ್ ಸಂಯೋಜನೆಯಲ್ಲಿ ಹೊರಬಂದು ದೊಡ್ಡ ಯಶಸ್ಸು ಕಂಡಿತು. ಅದರ ಬೆನ್ನಿಗೇ ಗೈ ಮಿಚೆಲ್, ಜಾನಿ ರೇ, ಮಾರ್ಟಿ ರಾಬಿನ್ಸ್, ಜಾನಿ ಮ್ಯಾಥಿಸ್ ಅವರ ಪ್ರಸಿದ್ಧ ಹಾಡುಗಳ ಹಿಂದೆಯೂ ಅವರ ಕೈ ಕೆಲಸ ಮಾಡಿತು. ಇಷ್ಟು ಗೆದ್ದುಕೊಟ್ಟ ಮೇಲೆ ತಮ್ಮದೇ ಒಂದು ಆಲ್ಬಮ್ ಮಾಡುವ ಹಕ್ಕು ಅವರಿಗೆ ದೊರೆಯಿತು.

ಆ ಮೊದಲ ಆಲ್ಬಮ್ಮಿನಲ್ಲಿ ಎಂಟು ಮಂದಿ ಗಾಯಕರಿದ್ದಾರೆ, ಆದರೆ ಅವರು ಒಂದು ಪದವನ್ನೂ ಹಾಡುವುದಿಲ್ಲ. ನಾಲ್ವರು ಹೆಂಗಸರು ಟ್ರಂಪೆಟ್ಟುಗಳ ಅಥವಾ ಎತ್ತರದ ಕ್ಲಾರಿನೆಟ್ಟುಗಳ ಸಾಲನ್ನೂ, ನಾಲ್ವರು ಗಂಡಸರು ಟ್ರಾಂಬೋನುಗಳ ಸಾಲನ್ನೂ ಅದೇ ಸ್ವರದಲ್ಲಿ, ಅದೇ ಕ್ಷಣದಲ್ಲಿ ‘ದಾ’, ‘ಬಾ’, ‘ಡೂ’ ಎನ್ನುತ್ತ ಹಾಡುತ್ತಾರೆ. ಈ ಅಕ್ಷರಗಳನ್ನು ಬಾಯಿಗೆ ಬಂದಂತೆ ಉಚ್ಚರಿಸುವುದಲ್ಲ. ಟ್ರಂಪೆಟ್ ವಾದಕ ನಾಲಿಗೆಯ ತುದಿಯಿಂದ ಉಸಿರನ್ನು ತಡೆದು ಬಿಟ್ಟಾಗ ಸ್ವರದ ಮೊದಲಂಚು ಹುಟ್ಟುತ್ತದೆ. ಗಾಯಕಿಯ ‘ದ’ಕಾರವೂ ನಾಲಿಗೆಯಿಂದ ಅದನ್ನೇ ಮಾಡುತ್ತದೆ. ಎರಡು ಅಂಚುಗಳು ಸರಿಯಾಗಿ ಕೂಡಿಬಿಟ್ಟರೆ, ಆಮೇಲೆ ಕೇಳುವುದು ಕೊರಳೂ ಅಲ್ಲದ ವಾದ್ಯವೂ ಅಲ್ಲದ ಮೂರನೆಯದೊಂದು ನಾದ. ಗಾಯಕಿಯ ಕೊರಳು ಸ್ವಲ್ಪ ಹೆಚ್ಚು ಕಂಪಿಸಿದರೂ ಈ ಬೆಸುಗೆ ಒಡೆಯುತ್ತದೆ. ಹಿತ್ತಾಳೆಯ ವಾದ್ಯಗಳ ಅಬ್ಬರದೆದುರು ಮೆಲುದನಿಯ ಹಾಡು ಕೇಳಿಸಬೇಕಾದರೆ ಮೈಕ್ರೊಫೋನು ಬೇಕೇ ಬೇಕು. ಆದ್ದರಿಂದ ಈ ಶೈಲಿಯನ್ನು ಧ್ವನಿಮುದ್ರಣ ಕೊಠಡಿಯ ಕೂಸೆಂದೇ ಕರೆಯಬೇಕು.

ವೃಂದಗಾನವನ್ನು ಬ್ಯಾಂಡಿನೊಂದಿಗೆ ಬೆರೆಸಿದವರಲ್ಲಿ ಕಾನಿಫ್ ಮೊದಲಿಗರೇನಲ್ಲ. ಪೆನ್ಸಿಲ್ವೇನಿಯಾದ ಫ್ರೆಡ್ ವೇರಿಂಗ್ ದಶಕಗಳ ಹಿಂದೆಯೇ ಆ ಕೆಲಸ ಆರಂಭಿಸಿದ್ದರು. ಆದರೆ ವೇರಿಂಗ್ ಅವರ ಸಾಧನೆಯೆಲ್ಲ ಉಚ್ಚಾರಣೆಯದು: ಹಾಡಿನ ಪ್ರತಿಯೊಂದು ಅಕ್ಷರವೂ ಕೇಳುಗನಿಗೆ ಸ್ಪಷ್ಟವಾಗಿ ತಲುಪಬೇಕೆಂದು ಅವರು ಗಾಯಕರನ್ನು ಪಳಗಿಸಿದರು. ಕಾನಿಫ್ ಹಿಡಿದದ್ದು ತದ್ವಿರುದ್ಧವಾದ ದಾರಿ. ಸ್ಟೀರಿಯೊ ತಂತ್ರಜ್ಞಾನ ಮನೆಗಳಿಗೆ ಬರುತ್ತಿದ್ದ ಹೊತ್ತಿಗೇ ಈ ನಾದವೂ ಬಂದದ್ದು ಅವರ ಅದೃಷ್ಟ. ಹೆಂಗಸರ ದನಿ ಒಂದು ಕಡೆಯಿಂದ, ಗಂಡಸರ ದನಿ ಮತ್ತೊಂದು ಕಡೆಯಿಂದ ಕೇಳಿಬರುವ ಅವರ ಮುದ್ರಿಕೆಗಳು ಹೊಸ ಯಂತ್ರ ಕೊಂಡವರಿಗೆ ಅಚ್ಚುಮೆಚ್ಚಾದವು.

1959ರ ಸುಮಾರಿಗೆ ‘ರೇ ಕಾನಿಫ್ ಸಿಂಗರ್ಸ್’ ಎಂಬ ಹೆಸರಿನಲ್ಲಿ ಪದಗಳಿರುವ ಹಾಡುಗಳೂ ಬರತೊಡಗಿದವು. ವ್ಯಾಪಾರದ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರ. ‘ಡಾಕ್ಟರ್ ಝಿವಾಗೊ’ ಚಿತ್ರಕ್ಕೆ ಮಾರಿಸ್ ಜಾರ್ ನೀಡಿದ ಧಾಟಿಗೆ ಪದಗಳನ್ನು ಹೊಂದಿಸಿದ ‘ಸಮ್‌ವೇರ್, ಮೈ ಲವ್’ 1966ರಲ್ಲಿ ಅಮೆರಿಕದ ಮೊದಲ ಹತ್ತು ಹಾಡುಗಳ ಸಾಲಿಗೆ ಸೇರಿ, ಅವರಿಗೆ ಗ್ರ್ಯಾಮಿ ಪ್ರಶಸ್ತಿಯನ್ನೂ ತಂದಿತು. ಕಲೆಯ ದೃಷ್ಟಿಯಿಂದ ನನಗೆ ಅಷ್ಟೊಂದು ಒಪ್ಪಿಗೆಯಿಲ್ಲ. ಪದ ಬಂದೊಡನೆ ಅವರ ಗಾಯಕರು ಉಳಿದ ವೃಂದಗಳ ಹಾಗೆಯೇ ಆದರು. 1960ರ ದಶಕದ ಕೊನೆಯಲ್ಲಿ ಇತರರ ಹೊಸ ಹಾಡುಗಳನ್ನು ಹಾಡಿ ತುಂಬಿಸಿದ ಆಲ್ಬಮ್ಮುಗಳನ್ನಂತೂ ನಾನು ಪೂರ್ತಿ ಕೇಳಲಾರೆ.

ಮಾತಿಲ್ಲದ ಗಾಯನಕ್ಕೆ ಹೆಸರಾದ ಈ ತಂಡ ಒಮ್ಮೆ ಮಾತಿನಿಂದಲೇ ಪತ್ರಿಕೆಗಳ ಮುಖಪುಟಕ್ಕೆ ಬಂತು. 1972ರ ಜನವರಿ 28ರಂದು, ರೀಡರ್ಸ್ ಡೈಜೆಸ್ಟ್ ಪತ್ರಿಕೆಯ ಸ್ಥಾಪಕರಾದ ವಾಲೇಸ್ ದಂಪತಿಗಳ ಗೌರವಾರ್ಥ ಶ್ವೇತಭವನದಲ್ಲಿ ನಡೆದ ಔತಣಕೂಟದಲ್ಲಿ, ಅಧ್ಯಕ್ಷ ನಿಕ್ಸನ್ ತಮಗೆ ಹಳೆಯ ಮಾದರಿಯ ಸಂಗೀತವೇ ಇಷ್ಟವೆಂದು ಹಾಸ್ಯ ಮಾಡಿ ತಂಡವನ್ನು ಪರಿಚಯಿಸಿದರು. ಹಾಡು ಆರಂಭವಾಗುವ ಮುನ್ನ ಕ್ಯಾರೊಲ್ ಫೆರಾಸಿ ಎಂಬ ಗಾಯಕಿ ‘ಕೊಲ್ಲುವುದನ್ನು ನಿಲ್ಲಿಸಿ’ ಎಂದು ಬರೆದ ಬಟ್ಟೆಯನ್ನು ಎತ್ತಿ ಹಿಡಿದು, ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ಕೈಬಿಡುವಂತೆ ನಿಕ್ಸನ್ ಅವರನ್ನೇ ಉದ್ದೇಶಿಸಿ ಕೇಳಿಕೊಂಡರು. ಮಾತು ಮುಗಿಸಿ ಅವರು ಮೊದಲ ಹಾಡನ್ನು ಉಳಿದವರ ಜೊತೆ ಹಾಡಿಯೂ ಬಿಟ್ಟರು. ಆಮೇಲೆ ಸಭೆಯಲ್ಲಿ ಕೂಗೆದ್ದು, ಕಾನಿಫ್ ಅವರೇ ಆಕೆಯನ್ನು ಹೊರಹೋಗುವಂತೆ ಕೇಳಬೇಕಾಯಿತು.

ಎರಡು ವರ್ಷಗಳ ಬಳಿಕ, ಶೀತಲ ಸಮರದ ನಡುವೆಯೇ, ಕಾನಿಫ್ ಮಾಸ್ಕೊಗೆ ಹೋಗಿ ಅಲ್ಲಿನ ಗಾಯಕರನ್ನು ಸೇರಿಸಿಕೊಂಡು ಒಂದು ಆಲ್ಬಮ್ ಧ್ವನಿಮುದ್ರಿಸಿದರು. ತಾಯ್ನಾಡಿನಲ್ಲಿ ಬೇಡಿಕೆ ಕಡಿಮೆಯಾದ ಕಾಲದಲ್ಲಿ ಅವರನ್ನು ಉಳಿಸಿದ್ದು ಲ್ಯಾಟಿನ್ ಅಮೆರಿಕ, ಅದರಲ್ಲೂ ಬ್ರೆಝಿಲ್. ವಯಸ್ಸು ಎಂಬತ್ತು ದಾಟಿದ ಮೇಲೂ ಅವರು ಅಲ್ಲಿ ಪ್ರವಾಸ ಮಾಡಿದರು. 2002ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು.

ಅವರನ್ನು ಕೇಳಲು ಹೊರಡುವವರು ಝಿವಾಗೊ ಹಾಡಿನಿಂದ ಆರಂಭಿಸದಿರುವುದು ಒಳ್ಳೆಯದು. ಮೊದಲ ಆಲ್ಬಮ್ಮನ್ನು, ಆಮೇಲೆ ಪಾಶ್ಚಾತ್ಯ ಶಾಸ್ತ್ರೀಯ ಧಾಟಿಗಳನ್ನು ನೃತ್ಯದ ಲಯಕ್ಕೆ ತಂದ 1958ರ ‘ಕಾನ್ಸರ್ಟ್ ಇನ್ ರಿದಮ್’ ಆಲ್ಬಮ್ಮನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ, ಟ್ರಂಪೆಟ್ ಎಲ್ಲಿ ಮುಗಿದು ಹೆಣ್ಣುದನಿ ಎಲ್ಲಿ ಶುರುವಾಯಿತೆಂದು ಹುಡುಕಲು ಪ್ರಯತ್ನಿಸಬಹುದು.