ಫೋರೆನ್ಸಿಕ್ ವಾರ್ಡಿನಲ್ಲಿ ನಾನು ಕೇಳದೆ ಉಳಿಸಿದ್ದ ಪ್ರಶ್ನೆ

“ಸಿಸ್ಟರ್, ಅಡಿಕೆ ಸುಲಿಯುವ ಕೆಲಸ ಅವನಿಗೆ ಚೆನ್ನಾಗಿ ಬರ್ತದೆ. ಆದರೆ ಅವನ ಕೈಗೆ ಕತ್ತಿ ಕೊಡ್ಲಿಕ್ಕೆ ಆಗ್ತದಾ?”

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಮನೆಯೊಂದರ ಜಗಲಿಯಲ್ಲಿ ರೋಗಿಯ ಅಣ್ಣ ಹೀಗೆ ಕೇಳಿದಾಗ ನನಗೆ ಉತ್ತರ ತೋಚಲಿಲ್ಲ. ನಾನು ಫೋರೆನ್ಸಿಕ್ ವಾರ್ಡಿನಲ್ಲಿ, ಅಂದರೆ ಅಪರಾಧ ಪ್ರಕರಣಗಳಲ್ಲಿ ಸಿಲುಕಿದ ಮಾನಸಿಕ ರೋಗಿಗಳಿಗೆ ಚಿಕಿತ್ಸೆ ನೀಡುವ ವಾರ್ಡಿನಲ್ಲಿ, ನರ್ಸ್. ಕನ್ನಡ ಬಲ್ಲವಳೆಂದು ಸೋಶಿಯಲ್ ವರ್ಕರ್ ಜೊತೆ ನನ್ನನ್ನೂ ಆ ಮನೆಗೆ ಕಳುಹಿಸಿದ್ದರು. ಕಾಯಿಲೆ ಉಲ್ಬಣಿಸಿದ್ದಾಗ ನೆರೆಯವರ ಮೇಲೆ ಕತ್ತಿ ಬೀಸಿದ್ದ ಆ ವ್ಯಕ್ತಿಯನ್ನು, ಮನಸ್ಸು ಸ್ವಸ್ಥವಿಲ್ಲದಿದ್ದಾಗ ನಡೆದ ಕೃತ್ಯವೆಂದು ಭಾರತೀಯ ದಂಡ ಸಂಹಿತೆಯ 84ನೆಯ ಸೆಕ್ಷನ್ನಿನಡಿ ನ್ಯಾಯಾಲಯ ಖುಲಾಸೆ ಮಾಡಿ, ಚಿಕಿತ್ಸೆಗಾಗಿ ನಮ್ಮಲ್ಲಿರಿಸಿತ್ತು. ಸಂಬಂಧಿಕರು ಆರೈಕೆಯ ಹೊಣೆ ಹೊತ್ತು ಜಾಮೀನು ಕೊಟ್ಟರೆ ಅಂಥವರನ್ನು ಅವರ ವಶಕ್ಕೆ ಒಪ್ಪಿಸಲು ಕಾನೂನಿನಲ್ಲಿ ಅವಕಾಶವಿದೆ. ಅಣ್ಣ ಹೊಣೆ ಹೊರಲು ಸಿದ್ಧರಿದ್ದರು. ಕತ್ತಿಯ ವಿಚಾರ ಮಾತ್ರ ಅವರನ್ನು ಕಾಡುತ್ತಿತ್ತು.

ಚೇತರಿಕೆ ಎಂದರೇನು ಎಂಬುದು ನನಗೆ ತಿಳಿಯದ ವಿಷಯವಾಗಿರಲಿಲ್ಲ. ಜನರೊಂದಿಗಿನ ಒಡನಾಟ, ಭರವಸೆ, ತನ್ನತನ, ಬದುಕಿಗೊಂದು ಅರ್ಥ, ತನ್ನ ಬದುಕಿನ ಮೇಲೆ ತನಗಿರುವ ಹಿಡಿತ ಎಂದು 2011ರಲ್ಲಿ ಸಂಶೋಧಕರು ಗುರುತಿಸಿದ ಐದು ಅಂಶಗಳನ್ನು ತರಬೇತಿಯಲ್ಲಿ ಕಲಿತಿದ್ದೆ. ಸಿಬ್ಬಂದಿಯ ತಿಳಿವಳಿಕೆ ಅಳೆಯುವ 20 ಹೇಳಿಕೆಗಳ ಪ್ರಶ್ನಾವಳಿಯನ್ನು ಅಳುಕಿಲ್ಲದೆ ತುಂಬಿದ್ದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುವಂತೆ ರೋಗಿಗಳನ್ನು ಸ್ವಂತ ಬಟ್ಟೆ ತೊಡಲು ಬಿಡುವುದು ನಮಗೆ ಕಷ್ಟವೆನಿಸಿರಲಿಲ್ಲ. ಆದರೆ ಅಪರಾಧ ನಡೆದ ದಿನದ ಬಗ್ಗೆ ಈ ರೋಗಿಯೊಂದಿಗೆ ಮಾತನಾಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಕೆದಕಿದರೆ ಕಾಯಿಲೆ ಮರುಕಳಿಸೀತು, ಹೆಚ್ಚುಕಡಿಮೆಯಾದರೆ ತಪ್ಪು ನಮ್ಮ ತಲೆಗೆ ಬಂದೀತು ಎಂಬ ಭಯ. ಮಲಯಾಳದಲ್ಲಿ ಕೇಳಿದ್ದಕ್ಕೆ ಅವರು ತಲೆಯಾಡಿಸಿ ಸುಮ್ಮನಾಗುತ್ತಿದ್ದುದರಿಂದ ಕಡತದಲ್ಲಿ ‘ಮಾತು ಕಡಿಮೆ, ಸಹಕಾರವಿಲ್ಲ’ ಎಂದು ದಾಖಲಾಗಿತ್ತು. ನಾನಾದರೋ ಅವರ ಭಾಷೆಯವಳೇ. ಆದರೂ ಊಟ, ನಿದ್ರೆ, ಮಾತ್ರೆಗಳ ವಿಚಾರಣೆಯಿಂದ ಆಚೆಗೆ ಹೋಗಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಹಿಂದಿರುಗಿದ ಮೇಲೆ, ಮನೋವೈದ್ಯರೂ ಸೋಶಿಯಲ್ ವರ್ಕರೂ ಜೊತೆಗಿದ್ದಾಗ, ಅಣ್ಣನ ಪ್ರಶ್ನೆಯನ್ನು ರೋಗಿಯ ಮುಂದೆಯೇ ಕನ್ನಡದಲ್ಲಿ ಇಟ್ಟೆ. ಅವರು ಬಹಳ ಹೊತ್ತು ಅಂಗೈಯನ್ನೇ ನೋಡುತ್ತಿದ್ದರು. “ಆಗ ಮೂರು ರಾತ್ರಿ ನಿದ್ರೆ ಇರ್ಲಿಲ್ಲ. ಇನ್ನು ಒಂದು ರಾತ್ರಿ ನಿದ್ರೆ ತಪ್ಪಿದ್ರೂ ಕತ್ತಿ ಮುಟ್ಟುದಿಲ್ಲ, ಅಣ್ಣನಿಗೆ ಹೇಳ್ತೇನೆ” ಎಂದರು. ಕಾಯಿಲೆಯ ಮುನ್ಸೂಚನೆ ಅವರಿಗೆ ಮೊದಲೇ ಗೊತ್ತಿತ್ತು.

ಅದನ್ನೇ ಆಧಾರವಾಗಿಟ್ಟುಕೊಂಡು ಯೋಜನೆ ಬರೆದೆವು: ಮೊದಲ ತಿಂಗಳುಗಳಲ್ಲಿ ಅಡಿಕೆ ಹೆಕ್ಕುವುದು, ಒಣಗಿಸುವುದು ಮಾತ್ರ, ಸುಲಿಯುವ ಕೆಲಸದ ತೀರ್ಮಾನ ಎಲ್ಲರೂ ಸೇರಿ ಮಾಡುವುದು, ನಿದ್ರೆ ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು, ಯಾರು ಕರೆತರಬೇಕು. ಕೆಳಗೆ ಅವರ ಸಹಿಯೂ ಅಣ್ಣನ ಸಹಿಯೂ ನಮ್ಮೆಲ್ಲರ ಸಹಿಯೂ ಬಿದ್ದವು. ಒಬ್ಬಳ ತಲೆಯ ಮೇಲಿದ್ದ ಭಾರವನ್ನು ಹಂಚಿಕೊಂಡಾಗಲೇ ನನ್ನ ಅಳುಕು ಕಡಿಮೆಯಾದದ್ದು. ಯಾವ ತರಬೇತಿಯಿಂದಲೂ ಅದು ಆಗಿರಲಿಲ್ಲ.

ನ್ಯಾಯಾಲಯಕ್ಕೆ ಸಲ್ಲಿಸುವ ವರದಿಯೊಂದಿಗೆ ಆ ಯೋಜನೆಯನ್ನೂ ಲಗತ್ತಿಸಿದ್ದೇವೆ. ಕನ್ನಡದ ಪ್ರತಿಯೊಂದು ಅಣ್ಣನ ಮನೆಯಲ್ಲಿದೆ.