ಅರ್ಧ ನರೆತ ತಲೆಗಳ ಕ್ಲಾಸು

ನಮ್ಮ ಕ್ಲಾಸಿಗೆ ಹೊಸಬರು ಬಂದರೆ ಇಲ್ಲಿ ಮೇಷ್ಟ್ರು ಯಾರು, ವಿದ್ಯಾರ್ಥಿಗಳು ಯಾರು ಅಂತ ತಬ್ಬಿಬ್ಬಾಗುತ್ತಿದ್ದರು. ಬೆಂಚಿನ ಮೇಲೆ ಕೂತವರಲ್ಲಿ ಅರ್ಧ ಜನರ ತಲೆ ನರೆತಿತ್ತು. ಒಬ್ಬರಂತೂ ನಿವೃತ್ತಿಗೆ ಹತ್ತಿರವಾಗಿದ್ದ ಹೆಡ್‌ಮಾಸ್ಟರು. ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದವರಿದ್ದರು. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಓದಲು ಬಂದ ತಾಯಂದಿರಿದ್ದರು. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ಕಲಿಸಿ ಕೈ ಪಳಗಿದವರಿಗೆಂದೇ ಇದ್ದ ಸ್ನಾತಕೋತ್ತರ ಕೋರ್ಸು ಅದು. ಅರ್ಜಿಯಲ್ಲಿ ಮೊದಲು ನೋಡುತ್ತಿದ್ದದ್ದು ಅಂಕಪಟ್ಟಿಯನ್ನಲ್ಲ, ಎಷ್ಟು ವರ್ಷ ಪಾಠ ಮಾಡಿದ್ದೀರಿ ಅನ್ನುವುದನ್ನು.

ಆ ಕೋರ್ಸಿನಲ್ಲಿ ನಮಗೆ ಪಾಠ ಮಾಡಿದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ಮೇಲೆ ಪತ್ರಿಕೆಯವರು ಏನಾದರೂ ಬರೆದುಕೊಡಿ ಅಂತ ನಮ್ಮ ತಂಡಕ್ಕೆ ಹೇಳಿ ಕಳಿಸಿದರು. ಬರೆಯುವುದು ಅಂದರೆ ಎಲ್ಲರೂ ನನ್ನ ಕಡೆಗೇ ಕೈ ತೋರಿಸುತ್ತಾರೆ. ಅದು ಆಗಿನಿಂದಲೂ ಇರುವ ರೂಢಿ, ನಾನೇನು ಮಾಡಲಿ? ಸಿಲಬಸ್‌ನಲ್ಲಿ ಏನೇನಿತ್ತು ಅಂತ ಯೋಚಿಸಿದರೆ ಪೇಪರುಗಳ ಹೆಸರು ಕೂಡ ಸರಿಯಾಗಿ ನೆನಪಾಗುವುದಿಲ್ಲ. ಮೇಷ್ಟ್ರು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ. ಸಣ್ಣ ಆಳು, ದೊಡ್ಡ ಕನ್ನಡಕ, ಕೊರಳಲ್ಲಿ ದಾರ ಕಟ್ಟಿದ ಸ್ಟಾಪ್‌ವಾಚು. ಭಾಷಾಶಾಸ್ತ್ರದ ಮೇಷ್ಟ್ರಿಗೆ ಆಟದ ಮೇಷ್ಟ್ರ ವಾಚು ಯಾಕೆ ಅಂತ ಮೊದಲ ದಿನವೇ ಪಿಸುಪಿಸು ಶುರುವಾಗಿತ್ತು. ಅದರ ಕಥೆ ಆಮೇಲೆ ಹೇಳುತ್ತೇನೆ.

ನಾವೆಲ್ಲ ಅಲ್ಲಿಗೆ ಹೋಗಿದ್ದು ಒಂದೇ ಆಸೆಯಿಂದ. ಇಂಗ್ಲಿಷ್ ಕಲಿಸಲು ಎಲ್ಲಕ್ಕಿಂತ ಒಳ್ಳೆಯ ಮೆಥಡ್ ಯಾವುದು, ಅದನ್ನು ಹೇಳಿಕೊಟ್ಟುಬಿಡಲಿ, ತಗೊಂಡು ಹೋಗಿ ಪಾಠ ಮಾಡುತ್ತೇವೆ. ಮೇಷ್ಟ್ರು ಒಂದೊಂದಾಗಿ ಎಲ್ಲವನ್ನೂ ತಂದು ನಮ್ಮ ಮುಂದಿಟ್ಟರು. ವ್ಯಾಕರಣ ಮತ್ತು ಅನುವಾದದ ಹಳೇ ದಾರಿ, ವಾಕ್ಯಗಳನ್ನು ಉರು ಹೊಡೆಸುವ ಡ್ರಿಲ್ ದಾರಿ, ಟೀಚರು ಹೆಚ್ಚು ಬಾಯಿ ಬಿಡದೆ ಬಣ್ಣದ ಕಡ್ಡಿ ಹಿಡಿದು ಕಲಿಸುವ ಗಟೆನ್ಯೋ ಅವರ ದಾರಿ, ಮೆತ್ತನೆ ಕುರ್ಚಿ ಹಾಕಿ ಹಿತವಾದ ಸಂಗೀತದ ಜೊತೆ ಪಾಠ ಓದುವ ಲೊಜಾನೊವ್ ದಾರಿ. ಪ್ರತಿಯೊಂದನ್ನೂ ಇದೇ ಸರಿ ಅನ್ನಿಸುವ ಹಾಗೆ ವಿವರಿಸುತ್ತಿದ್ದರು. ಮರುದಿನ ಬಂದು ಅದರ ಹುಳುಕನ್ನೆಲ್ಲ ಹೊರಗೆಳೆಯುತ್ತಿದ್ದರು. ಹೆಡ್‌ಮಾಸ್ಟರ್ರಿಗೆ ತಾಳ್ಮೆ ಕೆಟ್ಟಿತು. "ಸಾರ್, ಕೊನೆಗೆ ಯಾವುದು ಒಳ್ಳೇದು ಅಂತ ಹೇಳಿಬಿಡಿ" ಅಂದರು.

ಮೇಷ್ಟ್ರು ಮಾತಾಡದೆ ಒಂದು ಲೇಖನದ ಜೆರಾಕ್ಸ್ ಹಂಚಿದರು. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರದು, 1990ರಲ್ಲಿ ಅಚ್ಚಾಗಿದ್ದು. ಎಲ್ಲಕ್ಕಿಂತ ಒಳ್ಳೆಯ ಮೆಥಡ್ ಅನ್ನುವುದು ಯಾಕೆ ಇಲ್ಲ ಅನ್ನುವುದೇ ಅದರ ವಿಷಯ. ಪ್ರಭು ಸುಮ್ನೆ ಕೂತು ಹೇಳಿದ ಮಾತಲ್ಲ ಅದು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣದ ಪಾಠವನ್ನೇ ಪಕ್ಕಕ್ಕಿಟ್ಟು, ರೈಲಿನ ವೇಳಾಪಟ್ಟಿ ಓದುವುದು, ನಕ್ಷೆ ನೋಡಿ ದಾರಿ ಹುಡುಕುವುದು ಇಂಥ ಕೆಲಸಗಳ ಮೂಲಕ ಇಂಗ್ಲಿಷ್ ಕಲಿಸಿ ನೋಡಿದವರು. ಅಷ್ಟೆಲ್ಲ ಮಾಡಿದವರೇ, ನನ್ನದೇ ಸರಿ ಅನ್ನಲಿಲ್ಲ. ಕಲಿಸಿದ್ದು ಕಲಿಕೆಯಾಗಿ ಹೇಗೆ ಮಾರ್ಪಡುತ್ತದೆ ಅನ್ನುವುದರ ಬಗ್ಗೆ ಟೀಚರಿಗೆ ತನ್ನದೇ ಒಂದು ನಂಬಿಕೆ ಇರುತ್ತದೆ. ಅದು ಜೀವಂತವಾಗಿದೆಯಾ, ಇಲ್ಲ ಯಾಂತ್ರಿಕವಾಗಿಬಿಟ್ಟಿದೆಯಾ, ನೋಡಬೇಕಾದ್ದು ಅದನ್ನು ಅಂದರು. ಆ ದಿನ ನಡೆದ ಜಗಳ ಹೇಳತೀರದು. ದುಡ್ಡು ಕೊಟ್ಟು, ರಜೆ ಹಾಕಿ ಬಂದವರಿಗೆ ಮೆಥಡ್ಡೇ ಇಲ್ಲ ಅಂದರೆ ಸಿಟ್ಟು ಬರುವುದಿಲ್ಲವಾ?

ಇನ್ನು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಪಾಠ. ನಮ್ಮ ತಂಡದವರು ಎಲ್ಲಿ ಸೇರಿದರೂ ಮೊದಲು ಬರುವ ಮಾತು ಅದು.

ಒಂದು ಬೆಳಿಗ್ಗೆ ಮೇಷ್ಟ್ರು ಬಂದವರೇ ಗುಡ್ ಮಾರ್ನಿಂಗೂ ಹೇಳದೆ ಪುಸ್ತಕ ಎತ್ತಿ ಹಿಡಿದು "ಹಿಕಿ ನಿ ಕಿಟಾಬು" ಅಂದರು. ಕುರ್ಚಿ ಮುಟ್ಟಿ "ಹಿಕಿ ನಿ ಕಿಟಿ" ಅಂದರು. ಆಮೇಲೆ ಪುಸ್ತಕ ತೋರಿಸಿ "ಹಿಕಿ ನಿ ನಿನಿ?" ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಹೋದರು. ಇಂಗ್ಲಿಷಿನ ಒಂದು ಪದವೂ ಇಲ್ಲ. ಕೇಳಿದರೆ ಬೆರಳನ್ನು ತುಟಿಯ ಮೇಲಿಡುತ್ತಿದ್ದರು. ವರ್ಷಗಟ್ಟಲೆ ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದವರು ಈಗ ತಮ್ಮ ಸರದಿ ಬರುವಷ್ಟರಲ್ಲಿ ಬೆವರುತ್ತಿದ್ದರು. ಹೆಡ್‌ಮಾಸ್ಟರು ಮುಂದಿನವರ ಬೆನ್ನ ಹಿಂದೆ ತಲೆ ಬಗ್ಗಿಸಿದ್ದನ್ನು ನಾನೇ ನೋಡಿದ್ದೇನೆ. ಕೊನೆಗೆ ಮೇಷ್ಟ್ರು ಪೆನ್ನು ತೋರಿಸಿ "ಹೀ ನಿ ಕಲಾಮು" ಅಂದರು. ನಾವೆಲ್ಲ ಒಂದೇ ಗಂಟಲಲ್ಲಿ "ಹಿಕಿ ನಿ ಕಲಾಮು" ಅಂದೆವು. ಅವರು ತಪ್ಪು ಅನ್ನಲಿಲ್ಲ. ಪೆನ್ನನ್ನು ಇನ್ನೊಮ್ಮೆ ಎತ್ತಿ, ನಿಧಾನವಾಗಿ "ಹೀ ನಿ ಕಲಾಮು" ಅಂದರು. ನಾವು ಇನ್ನೂ ಜೋರಾಗಿ "ಹಿಕಿ"!

ಆಗ ಸ್ವಾಹಿಲಿ ನಿಲ್ಲಿಸಿ ಕೇಳಿದರು: "ಹಿಕಿ ನಿ ಕಲಾಮು ಅಂತ ನಾನು ಒಂದು ಸಲವಾದರೂ ಹೇಳಿದೆನಾ? ಇಲ್ಲ ಅಲ್ವಾ? ಮತ್ತೆ ಎಲ್ಲಿಂದ ಬಂತು? ನೀವೇ ಒಂದು ನಿಯಮ ಕಟ್ಟಿಕೊಂಡಿರಿ. ಇದಕ್ಕೆ ಕೆಂಪು ಗೆರೆ ಎಳೆಯಲಾ, ಮಾರ್ಕ್ಸ್ ಕೊಡಲಾ?" ಸ್ವಾಹಿಲಿಯಲ್ಲಿ ನಾಮಪದಗಳಿಗೆ ಗುಂಪುಗಳಿವೆ, ಗುಂಪು ಬದಲಾದರೆ 'ಇದು' ಅನ್ನುವ ಪದವೂ ಬದಲಾಗುತ್ತದೆ. ನಮಗದು ಏನು ಗೊತ್ತು? ಭಾಷಾಶಾಸ್ತ್ರಜ್ಞ ಪಿಟ್ ಕಾರ್ಡರ್ 1967ರಲ್ಲಿ ಹೇಳಿದ್ದು ಇದನ್ನೇ: ಕಲಿಯುವವರ ತಪ್ಪು ಬರೀ ಅಜಾಗರೂಕತೆಯಲ್ಲ, ಒಳಗೆ ಕಲಿಕೆ ನಡೆಯುತ್ತಿದೆ ಅನ್ನುವುದಕ್ಕೆ ಗುರುತು. 1972ರಲ್ಲಿ ಸೆಲಿಂಕರ್ ಅನ್ನುವ ಇನ್ನೊಬ್ಬ ಭಾಷಾತಜ್ಞರು ಬರೆದ ಲೇಖನವೂ ಕಲಿಯುವವರು ತಾವೇ ಕಟ್ಟಿಕೊಳ್ಳುವ ಈ ನಡುಹಾದಿಯ ಭಾಷೆಯ ಬಗ್ಗೆಯೇ. ಇವೆರಡನ್ನೂ ಪರೀಕ್ಷೆಗೆ ಓದಿದ್ದು ಆಮೇಲೆ. ಅರ್ಥವಾಗಿದ್ದು ಆ ಪೆನ್ನಿನ ಮುಂದೆ.

ಹೆಡ್‌ಮಾಸ್ಟರ್ರಿಗೆ ಮಾತ್ರ ಆ ಅವಮಾನ ಇಳಿಯಲಿಲ್ಲ. ಲೈಬ್ರರಿಯ ಯಾವುದೋ ಮೂಲೆಯಲ್ಲಿ ಪ್ರವಾಸಿಗರಿಗಾಗಿ ಮಾಡಿದ ಸ್ವಾಹಿಲಿ ಪುಸ್ತಕ ಹುಡುಕಿದರು. ಅದರಿಂದ ಒಂದು ವಾಕ್ಯ ಆರಿಸಿ, ಮುಂದಿನ ಕ್ಲಾಸಿಗೆ ಮೊದಲು ಕಾರಿಡಾರಿನಲ್ಲಿ ನಮ್ಮೆಲ್ಲರಿಗೂ ಬಾಯಿಪಾಠ ಮಾಡಿಸಿದರು. ಇಂಥದ್ದಕ್ಕೆ ನಾನು ಯಾವತ್ತೂ ಮುಂದೆ. ಸಾಲಾಗಿ ನಿಲ್ಲಿಸಿ ತಾಳ ಹಾಕಿದ್ದು ನಾನೇ. ಮೇಷ್ಟ್ರು ಬಂದರು, ಪುಸ್ತಕ ಎತ್ತಿದರು, "ಹಿಕಿ ನಿ ನಿನಿ?" ಅಂದರು. ಇಡೀ ಕ್ಲಾಸು ಎದ್ದು ನಿಂತು ಒಟ್ಟಿಗೆ: "ಮ್ವಾಲಿಮು, ತಫದಾಲಿ ಸೇಮ ಪೋಲೆಪೋಲೆ!"

ಮೇಷ್ಟ್ರ ಕೈ ಅಲ್ಲೇ ನಿಂತಿತು. ಅವರಿಗೆ ಗೊತ್ತಿದ್ದ ಸ್ವಾಹಿಲಿ ಆ ಒಂದು ಪಾಠದಷ್ಟೇ! 'ಮ್ವಾಲಿಮು' ಅಂದರೆ ಟೀಚರ್ ಅನ್ನುವುದು ಗೊತ್ತಿತ್ತು, ಮುಂದಿನದು ಗೊತ್ತಿರಲಿಲ್ಲ. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಬೈಯುತ್ತಾರೆ ಅಂದುಕೊಂಡೆವು. ಅವರು ಪುಸ್ತಕ ಕೆಳಗಿಟ್ಟು, ಹೆಡ್‌ಮಾಸ್ಟರ್ರ ಬೆಂಚಿಗೆ ಬಂದು, "ಸ್ವಲ್ಪ ಸರೀರಿ" ಅಂತ ಕೂತರು. "ಈಗ ನೀವು ಹೋಗಿ ಕಲಿಸಿ. ಇಂಗ್ಲಿಷ್ ಬಳಸೋ ಹಾಗಿಲ್ಲ." ದಯವಿಟ್ಟು ನಿಧಾನವಾಗಿ ಹೇಳಿ ಅನ್ನುವುದನ್ನು ಮಾತಿಲ್ಲದೆ ತೋರಿಸುವುದು ಹೇಗೆ? ಪುಸ್ತಕವನ್ನು ಎತ್ತಿ ಹಿಡಿಯಬಹುದು, ನಿಧಾನವನ್ನು ಎತ್ತಿ ಹಿಡಿಯಲು ಬರುತ್ತದಾ? ಹೆಡ್‌ಮಾಸ್ಟರು ಓಡಿದರು, ತೆವಳಿದರು, ಆಮೆಯ ಹಾಗೆ ಕತ್ತು ಹೊರಗೆ ಹಾಕಿದರು. ಮೇಷ್ಟ್ರು ಪಕ್ಕಾ ದಡ್ಡ ಹುಡುಗನ ಹಾಗೆ ಪ್ರತಿಸಲವೂ ಬೇರೆ ಏನೋ ಊಹಿಸುತ್ತಿದ್ದರು. ಬೆಲ್ ಹೊಡೆಯುವ ಹೊತ್ತಿಗೆ ಹೆಡ್‌ಮಾಸ್ಟರ್ರ ಶರ್ಟು ಒದ್ದೆ, ನಮ್ಮೆಲ್ಲರ ಕಣ್ಣಲ್ಲಿ ನಕ್ಕು ನಕ್ಕು ನೀರು. ಅಂದಿನಿಂದ ಕ್ಯಾಂಪಸ್ಸಿನಲ್ಲಿ ಎಲ್ಲಿ ಸಿಕ್ಕರೂ ಮೇಷ್ಟ್ರು ಅವರಿಗೆ "ಪೋಲೆಪೋಲೆ" ಅಂತಲೇ ಅನ್ನುತ್ತಿದ್ದರು.

ಸ್ಟಾಪ್‌ವಾಚಿನ ಕಥೆ ಬಾಕಿ ಇದೆ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ ವಿಜ್ಞಾನದ ತರಗತಿಗಳಲ್ಲಿ ಅಳೆದಿದ್ದರು. ಪ್ರಶ್ನೆ ಕೇಳಿದ ಮೇಲೆ ಟೀಚರು ಕಾಯುವುದು ಹೆಚ್ಚೂಕಡಿಮೆ 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಮೇಷ್ಟ್ರು ನಮ್ಮ ಪಾಠ ನೋಡಲು ಬಂದರೆ ಹಿಂದಿನ ಬೆಂಚಿನಲ್ಲಿ ಕೂತು ಆ ವಾಚು ಒತ್ತುತ್ತಿದ್ದರು. ಟಿಕ್ ಅನ್ನುವ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು.

ಅದಕ್ಕಿಂತ ಜಾಸ್ತಿ ಭಯ ಹುಟ್ಟಿಸಿದ್ದು ಟೇಪ್ ರೆಕಾರ್ಡರ್. ನಮ್ಮ ಪಾಠವನ್ನು ನಾವೇ ರೆಕಾರ್ಡ್ ಮಾಡಿ, ಅದರಲ್ಲಿ ಹತ್ತು ನಿಮಿಷವನ್ನು ಮಾತು ಬಿಡದೆ ಬರೆದು ತರಬೇಕು. ಪ್ರತಿ 'ಓಕೆ', ಪ್ರತಿ 'ವೆರಿ ಗುಡ್', ಎಷ್ಟು ಸೆಕೆಂಡು ಮೌನ, ಎಲ್ಲವೂ ಇರಬೇಕು. ಹತ್ತು ನಿಮಿಷ ಬರೆಯಲು ಒಂದಿಡೀ ಸಂಜೆ ಸಾಲದು. ತಿರುಗಿಸು, ಒತ್ತು, ಕೇಳು, ಬರೆ, ಮತ್ತೆ ತಿರುಗಿಸು. ತರಗತಿಯಲ್ಲಿ ಮೂರರಲ್ಲಿ ಎರಡು ಪಾಲು ಹೊತ್ತು ಯಾರೋ ಮಾತಾಡುತ್ತಿರುತ್ತಾರೆ, ಆ ಮಾತಿನಲ್ಲಿ ಮೂರರಲ್ಲಿ ಎರಡು ಪಾಲು ಟೀಚರದೇ ಅಂತ ತರಗತಿಯ ಮಾತುಕತೆಯ ಅಧ್ಯಯನ ಮಾಡಿದ ಫ್ಲಾಂಡರ್ಸ್ ಲೆಕ್ಕ ಹಾಕಿದ್ದರು. ನಮ್ಮ ತಂಡದವರ ಪುಟಗಳಲ್ಲಿ ಟೀಚರ ಪಾಲು ಅದಕ್ಕಿಂತ ದಪ್ಪಗಿತ್ತು.

ನಮ್ಮಲ್ಲಿ ಹಿರಿಯ ಟೀಚರೊಬ್ಬರಿದ್ದರು. ನಾವು ಅಕ್ಕ ಅಂತಲೇ ಕರೆಯುತ್ತಿದ್ದೆವು. ಅವರು ತಂದ ಪುಟದಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ 'ಬಿಕಾಸ್ ಹಿ...' ಅಂತ ಶುರು ಮಾಡುತ್ತಾನೆ, ಅಷ್ಟರಲ್ಲಿ ಅಕ್ಕ 'ವೆರಿ ಗುಡ್, ನೆಕ್ಸ್ಟ್' ಅನ್ನುತ್ತಾರೆ. ಮೇಷ್ಟ್ರು ಬೇರೆ ಯಾವುದನ್ನೂ ಗುರುತು ಹಾಕಲಿಲ್ಲ. ಆ ಮೂರು ಚುಕ್ಕಿಗಳ ಸುತ್ತ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ, "ಅಕ್ಕ, ಅವನು ಏನು ಹೇಳೋಕೆ ಹೊರಟಿದ್ದ?" ಅಂದರು. ಅವರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಅಕ್ಕ ಮರುದಿನ ಆ ಶಾಲೆಗೆ ಹೋಗಿ ಹುಡುಗನನ್ನು ಹುಡುಕಿ ಕೇಳಿದರು. ಅವನಿಗೂ ನೆನಪಿರಲಿಲ್ಲ. ಅದನ್ನು ಬಂದು ನಮಗೆ ಹೇಳುವಾಗ ಅಕ್ಕನ ದನಿ ಸಣ್ಣಗಾಗಿತ್ತು.

ಉಚ್ಚಾರಣೆ ಕಲಿಸಿದ ಮೇಡಂ ಬಗ್ಗೆ ಬರೆಯದಿದ್ದರೆ ನನ್ನ ತಂಡದವರು ಸುಮ್ಮನೆ ಬಿಡುವುದಿಲ್ಲ. ಅವರ ಕ್ಲಾಸಿನಲ್ಲಿ ಎಲ್ಲರೂ ತುಟಿಯ ಮುಂದೆ ಒಂದು ಕಾಗದದ ಚೂರು ಹಿಡಿದು ಕೂರಬೇಕು. 'ಪೆನ್' ಅಂದಾಗ ಕಾಗದ ಅಲುಗಬೇಕು, 'ಬೆನ್' ಅಂದಾಗ ಅಷ್ಟು ಅಲುಗಬಾರದು. ದೊಡ್ಡ ದೊಡ್ಡವರೆಲ್ಲ ಕಾಗದ ಊದುತ್ತಾ ಕೂತಿದ್ದನ್ನು ಕಿಟಕಿಯಿಂದ ನೋಡಿ ಬೇರೆ ವಿಭಾಗದ ಹುಡುಗರು ನಗುತ್ತಿದ್ದರು. ಆದರೆ 'ಥಿಂಕ್', 'ದಿಸ್' ಪದಗಳ ಮೊದಲ ಸದ್ದಿಗೆ ಮೇಡಂ ತಲೆ ಕೆಡಿಸಿಕೊಂಡವರೇ ಅಲ್ಲ. ಲಂಡನ್ನಿನವರ ಹಾಗೆ ಮಾತಾಡಬೇಕಾಗಿಲ್ಲ, ಎದುರಿಗಿದ್ದವರಿಗೆ ತಿಳಿದರೆ ಸಾಕು ಅನ್ನುತ್ತಿದ್ದರು. ಎಷ್ಟೋ ವರ್ಷದ ಮೇಲೆ, 2000ರಲ್ಲಿ ಜೆನಿಫರ್ ಜೆಂಕಿನ್ಸ್ ಅವರ ಪುಸ್ತಕ ಬಂತು. ಬೇರೆ ಬೇರೆ ದೇಶದವರು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವಾಗ ತಿಳಿಯಲು ಯಾವ ಸದ್ದು ಬೇಕು, ಯಾವುದು ಇಲ್ಲದಿದ್ದರೂ ನಡೆಯುತ್ತದೆ ಅಂತ ಅವರು ಪಟ್ಟಿ ಮಾಡಿದ್ದರು. ಕಾಗದ ಅಲುಗಿಸುವ ಉಸಿರು ಬೇಕಾದ ಪಟ್ಟಿಯಲ್ಲಿತ್ತು. ಮೇಡಂ ಬಿಟ್ಟಿದ್ದ ಆ ಸದ್ದುಗಳು ಇಲ್ಲದಿದ್ದರೂ ನಡೆಯುತ್ತದೆ ಅನ್ನುವ ಕಡೆ. ಮೇಡಮ್ಮಿಗೆ ಆವತ್ತೇ ಫೋನ್ ಮಾಡಿದೆ. "ಗೊತ್ತಿತ್ತಲ್ಲ" ಅಂದರು, ಅಷ್ಟೇ.

ನನ್ನ ಪ್ರಬಂಧವೂ ಟೀಚರ ಪ್ರಶ್ನೆಗಳ ಬಗ್ಗೆಯೇ. ಉತ್ತರ ಮೊದಲೇ ಗೊತ್ತಿದ್ದು ಕೇಳುವ ಪ್ರಶ್ನೆಗಳು ಎಷ್ಟು, ನಿಜವಾಗಿ ತಿಳಿದುಕೊಳ್ಳಲು ಕೇಳುವವು ಎಷ್ಟು ಅಂತ. ಮೇಷ್ಟ್ರು ಅದನ್ನು ಆಮೇಲಿನ ತಂಡಗಳಿಗೂ ಮಾದರಿಯಾಗಿ ತೋರಿಸುತ್ತಿದ್ದರಂತೆ. ನಾನು ಹೇಳಿಕೊಳ್ಳುತ್ತಿಲ್ಲ, ಆ ತಂಡದವರೇ ಹೇಳಿದ್ದು.

ಈಗ ಇಂಥ ಕೋರ್ಸುಗಳಿಗೆ ಪರೀಕ್ಷಕನಾಗಿ ನನ್ನನ್ನೇ ಕರೆಯುತ್ತಾರೆ. ಹೋದಾಗಲೆಲ್ಲ ಒಂದು ಕಸಿವಿಸಿ. ಹೊಸಬರಿಗೆ ಚಿಕ್ಕ ಕೋರ್ಸುಗಳು ಬೇಕು, ಅದರಲ್ಲಿ ತಕರಾರಿಲ್ಲ. ಇಂಗ್ಲಿಷ್ ಕಲಿಸುವವರಿಗಾಗಿ ಇರುವ ಕೇಂಬ್ರಿಡ್ಜಿನ ಸೆಲ್ಟಾ ಕೋರ್ಸು 120 ಗಂಟೆಯದು, ಅದರಲ್ಲೂ 6 ಗಂಟೆ ನಿಜವಾದ ಕಲಿಯುವವರ ಮುಂದೆ ನಿಂತು ಪಾಠ ಮಾಡಲೇಬೇಕು. ನನ್ನ ದೂರು ಸ್ನಾತಕೋತ್ತರದ ಬಗ್ಗೆ. ಎಷ್ಟೋ ಕಡೆ ಪಾಠದ ಅನುಭವ ಕೇಳುವುದನ್ನೇ ಬಿಟ್ಟಿದ್ದಾರೆ. ಡಿಗ್ರಿ ಮುಗಿಸಿದ ಹುಡುಗರು ನೇರ ಬಂದು ಸೇರುತ್ತಾರೆ. ಚುರುಕಾದ ಹುಡುಗರೇ, ನಮಗಿಂತ ಜಾಸ್ತಿ ಓದಿದ್ದಾರೆ. ಆದರೆ ಮೂರು ಚುಕ್ಕಿ ತೋರಿಸಿದರೆ ಅವರಿಗೆ ಅದು ಬರೀ ಮೂರು ಚುಕ್ಕಿ. ಪಾಠದ ಡೈರಿ ಬರೆಯಿರಿ ಅಂದರೆ ಕಂಪ್ಯೂಟರಿನಿಂದ ಬರೆಸಿದ್ದು ಬರುತ್ತದೆ. ಎಲ್ಲರಿಗೂ ಒಂದೇ ಥರದ ಒಳನೋಟ, ಒಂದೇ ಥರದ ಪಶ್ಚಾತ್ತಾಪ! ಮೇಷ್ಟ್ರು ಇದ್ದಿದ್ದರೆ ಆ ಡೈರಿಗಳನ್ನು ಬದಿಗಿಟ್ಟು, ಕ್ಯಾಸೆಟ್ ಎಲ್ಲಿ ಅಂತ ಕೇಳುತ್ತಿದ್ದರು.

ಕ್ಯಾಸೆಟ್ ಅಂದಾಗ ನೆನಪಾಯಿತು. ಮೇಷ್ಟ್ರ ಮನೆಯವರು ಅವರ ಕಪಾಟಿನಲ್ಲಿದ್ದ ಕ್ಯಾಸೆಟ್ಟುಗಳನ್ನೆಲ್ಲ ವಿಭಾಗದ ಲೈಬ್ರರಿಗೆ ಕೊಟ್ಟಿದ್ದಾರೆ. ಹಳೆಯ ತಂಡಗಳ ಪಾಠಗಳು ಅವು. ಕಂಪ್ಯೂಟರಿಗೆ ಏರಿಸುವ ಕೆಲಸ ಶುರುವಾಗಿದೆ. ಹಲವದರ ಮೇಲೆ ಚೀಟಿ ಕಿತ್ತುಹೋಗಿದೆ, ಯಾರ ಪಾಠ ಅಂತ ದನಿ ಕೇಳಿಯೇ ಹೇಳಬೇಕು. ಹಳೆಯ ವಿದ್ಯಾರ್ಥಿಗಳು ಬಿಡುವು ಮಾಡಿಕೊಂಡು ಒಮ್ಮೆ ಹೋಗಿ ಕೇಳಿ, ಹೆಸರು ಬರೆಸಿ ಬನ್ನಿ. ಅಕ್ಕ ಆಗಲೇ ಹೋಗಿ ಬಂದಿದ್ದಾರೆ. ನನ್ನ ದನಿ ಸಿಕ್ಕರೆ ದಯವಿಟ್ಟು ಬೇರೆಯವರಿಗೆ ಕೇಳಿಸುವ ಮೊದಲು ನನಗೊಂದು ಮಾತು ತಿಳಿಸಿ.