ಆ ಕಂಬಗಳ ನಡುವೆ ನಿಲ್ಲೋರು ಯಾರು?

ಈ ಭಾನುವಾರ ಐರ್ಲೆಂಡಿನ ಲೀಟ್ರಿಮ್ ಕೌಂಟಿಯ ಒಂದು ಸಣ್ಣ ಕ್ಲಬ್ ಮೈದಾನದಲ್ಲಿ ಕೇಳಿದ ಎರಡು ಮಾತು ಇನ್ನೂ ಕಿವಿಯಲ್ಲೇ ಕೂತಿವೆ. ಚೆಂಡನ್ನು ಕೈಯಲ್ಲೂ ಹಿಡಿದು ಕಾಲಲ್ಲೂ ಒದೆಯುವ ಐರಿಷ್ ಆಟ ಗೇಲಿಕ್ ಫುಟ್‌ಬಾಲ್, ಜೂನಿಯರ್ ದರ್ಜೆಯ ಪಂದ್ಯ. ಜೂನಿಯರ್ ಅಂದರೆ ವಯಸ್ಸಿನ ಲೆಕ್ಕವಲ್ಲ, ದೊಡ್ಡವರ ಕ್ಲಬ್ ಆಟದಲ್ಲಿ ಕೆಳಗಿನ ಮೆಟ್ಟಿಲು. ದ್ವಿತೀಯಾರ್ಧ, ಎದುರುಗಾಳಿ, ಬಿಡದೆ ಸುರಿಯುವ ಮಳೆ. ಗೋಲಿ, ಅಂದರೆ ಗೋಲು ಕಾಯುವವನು, ಆಟ ಮತ್ತೆ ಶುರು ಮಾಡಲು ಒದ್ದ ನಾಲ್ಕನೇ ಕಿಕ್‌ಔಟ್ ಕೂಡ ಎದುರಾಳಿಯ ಕೈಗೇ ಹೋಯಿತು. ಬೇಲಿಗೆ ಒರಗಿದ್ದ ಒಬ್ಬ ಕೂಗಿದ, "ನಿನ್ನ ಕೈಲಾಗಲ್ಲ, ಮನೆಗೆ ಹೋಗಿ ಮಲಗೋ!" ಪಕ್ಕದಲ್ಲಿ ಚಹಾದ ಫ್ಲಾಸ್ಕ್ ಹಿಡಿದು ನಿಂತಿದ್ದ ಅಜ್ಜಿ ಮೈದಾನದಿಂದ ಕಣ್ಣು ತೆಗೆಯದೆ ಕೇಳಿದರು, "ಅವನು ಹೋದರೆ ಅಲ್ಲಿ ನಿಲ್ಲೋರು ಯಾರು? ನೀನು ನಿಲ್ತೀಯಾ?"

ಆತ ಉತ್ತರ ಕೊಡಲಿಲ್ಲ. ಕೊಡಬೇಕಿತ್ತು, ಯಾಕೆಂದರೆ ಅದು ಬಾಯಿ ಮುಚ್ಚಿಸಲು ಕೇಳಿದ ಪ್ರಶ್ನೆಯಾಗಿರಲಿಲ್ಲ.

ಮೊದಲು ಆ ಕಿಕ್‌ಔಟ್ ನೋಡೋಣ. 2025ರಲ್ಲಿ ಜಾರಿಗೆ ಬಂದ ಹೊಸ ನಿಯಮಗಳ ಪ್ರಕಾರ ಗೋಲಿ ಒದ್ದ ಚೆಂಡು ಗೋಲಿನಿಂದ 40 ಮೀಟರ್ ದೂರದಲ್ಲಿ ಎಳೆದ ಕಮಾನು ಗೆರೆ ದಾಟಲೇಬೇಕು. ಮೊದಲಾದರೆ ಗಾಳಿ ಎದುರಿದ್ದಾಗ ಹತ್ತಿರದಲ್ಲಿ ಮೂಲೆ ಕಾಯುವ ರಕ್ಷಣಾ ಆಟಗಾರ ಕಾರ್ನರ್ ಬ್ಯಾಕ್‌ಗೆ ಮೆಲ್ಲಗೆ ತಳ್ಳಿ ಉಸಿರು ಬಿಡಬಹುದಿತ್ತು. ಆ ಬಾಗಿಲು ಮುಚ್ಚಿದೆ. ಆಟ ನೋಡಲು ಸೊಗಸಾಗಿದೆ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಅದರ ಬೆಲೆ ತೆರುತ್ತಿರುವುದು ದುರ್ಬಲ ತಂಡದ ಗೋಲಿ. ಎದುರುಗಾಳಿಯಲ್ಲಿ ದೂರ ಹೋಗಲಿ ಎಂದು ಅವನು ಮೈಯನ್ನು ಹಿಂದಕ್ಕೆ ವಾಲಿಸಿ ಚೆಂಡನ್ನು ಎತ್ತರಕ್ಕೆ ಹೊಡೆಯುತ್ತಾನೆ. ಚೆಂಡು ಮೇಲೆ ಹೋಗಿ ನಿಂತಲ್ಲೇ ನಿಂತು, ಕಮಾನಿನ ಆಚೆ ಬೀಳುವಷ್ಟರಲ್ಲಿ ಕೆಳಗೆ ಆರು ಜನ ಕಾದಿರುತ್ತಾರೆ. ಎತ್ತರದವನೊಬ್ಬ ಅದನ್ನು ನೇರವಾಗಿ ಹಿಡಿದರೆ ಮಾರ್ಕ್, ಯಾರ ಅಡ್ಡಿಯೂ ಇಲ್ಲದೆ ಒದೆಯುವ ಹಕ್ಕು. ಕಮಾನಿನ ಹೊರಗಿನಿಂದ ಗೋಲುಕಂಬಗಳ ನಡುವಿನ ಅಡ್ಡಪಟ್ಟಿಯ ಮೇಲೆ ಹಾರಿಸಿದರೆ ಈಗ ಒಂದಲ್ಲ, ಎರಡು ಅಂಕ. ಬೆನ್ನಿಗೆ ಗಾಳಿ ಇರುವ ತಂಡಕ್ಕೆ ಅದು ಹಬ್ಬ. ಹೀಗೆ ನಾಲ್ಕು ಕಿಕ್‌ಔಟ್ ಕೈತಪ್ಪಿದರೆ ಐದೇ ನಿಮಿಷದಲ್ಲಿ ಪಂದ್ಯ ಮುಗಿದುಹೋಗುತ್ತದೆ.

ಸರಿಪಡಿಸುವ ದಾರಿ ಇದೆ. ಎದೆ ಚೆಂಡಿನ ಮೇಲೆ ಬಾಗಿರಬೇಕು, ಊರುವ ಕಾಲು ಚೆಂಡಿನ ಪಕ್ಕದಲ್ಲೇ ಇರಬೇಕು, ಒದ್ದ ಕಾಲು ಮೇಲಕ್ಕೇಳದೆ ಗುರಿಯ ಕಡೆಗೆ ತಗ್ಗಾಗಿ ಸಾಗಬೇಕು. ಆಗ ಚೆಂಡು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ನಡುಮೈದಾನದ ಗುಂಪಿಗೆ ಕೊಡದೆ ಗೆರೆಯ ಬದಿಗೆ, ಓಡುತ್ತಿರುವವನ ಮುಂದಿನ ಜಾಗಕ್ಕೆ ಕಳಿಸಬೇಕು. ಇದಕ್ಕೆ ಇಬ್ಬರು ಬೇಕು: ಒದೆಯುವವನು, ಸರಿಯಾದ ಗಳಿಗೆಯಲ್ಲಿ ಓಡುವವನು. ಭಾನುವಾರ ನಾಲ್ಕರಲ್ಲಿ ಎರಡು ಸಲ ಆ ಓಟವೇ ಆಗಲಿಲ್ಲ. ಬೇಲಿಯವನಿಗೆ ಕಂಡದ್ದು ಗೋಲಿ ಮಾತ್ರ. ಇನ್ನೊಂದು ಸಲ ಕೆಸರಿನಲ್ಲಿ ಊರುಗಾಲು ಜಾರಿತು. ಅದಕ್ಕೆ ಬೇಕಿದ್ದದ್ದು ಬೈಗುಳವಲ್ಲ, ಉದ್ದ ಮೊಳೆಯ ಬೂಟು.

ಮೂಲೆ ಕಾಯುವ ಕಾರ್ನರ್ ಬ್ಯಾಕ್‌ಗೂ ಅಂದು ಬೈಗುಳ ತಪ್ಪಲಿಲ್ಲ. ಗೇಲಿಕ್‌ನಲ್ಲಿ ಎದುರಾಳಿಯನ್ನು ತಬ್ಬಿ ಹಿಡಿಯುವಂತಿಲ್ಲ, ಭುಜಕ್ಕೆ ಭುಜ ಕೊಡಬಹುದು, ಇಲ್ಲವೇ ಬಿಚ್ಚಿದ ಅಂಗೈಯಿಂದ ಚೆಂಡನ್ನು ತಟ್ಟಬಹುದು. ಎದುರಾಳಿಗೆ ಹತ್ತಿರವಿರುವ ಕೈಯಿಂದ ತಟ್ಟುವುದೇ ಕ್ಷೇಮ. ಕಾಲು ಸೋತಾಗ ಒಂದು ಹೆಜ್ಜೆ ಹಿಂದೆ ಬೀಳುತ್ತಾನೆ, ಆ ಕೊರತೆ ತುಂಬಲು ದೂರದ ಕೈಯನ್ನು ಬೀಸುತ್ತಾನೆ. ಆ ಕೈ ಎದುರಾಳಿಯ ಎದೆಗೆ ಅಡ್ಡವಾಗುತ್ತದೆ, ರೆಫರಿ ಎದುರಾಳಿಗೆ ಫ್ರೀ ಕಿಕ್ ಕೊಡುತ್ತಾರೆ. ನೋಡುವವರಿಗೆ ಅದು ದಡ್ಡತನ. ನಿಜದಲ್ಲಿ ಅದು ಐವತ್ತನೇ ನಿಮಿಷದ ತೊಡೆ. ಪ್ರತಿ ತಂಡದ ಮೂವರಾದರೂ ಎದುರಾಳಿಯ ಅರ್ಧದಲ್ಲೇ ಇರಬೇಕೆಂಬ ನಿಯಮ ಬಂದ ಮೇಲೆ ಎಲ್ಲರೂ ಹಿಂದೆ ಬಂದು ಗೋಡೆ ಕಟ್ಟುವಂತೆಯೂ ಇಲ್ಲ. ಅವನು ಒಂಟಿ.

ಇನ್ನು ಅಜ್ಜಿಯ ಪ್ರಶ್ನೆ. 1884ರಲ್ಲಿ ಟಿಪ್ಪರರಿಯ ಥರ್ಲ್ಸ್ ಪಟ್ಟಣದಲ್ಲಿ ಹುಟ್ಟಿದ, ಈ ಆಟ ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಇಂದಿಗೂ ಆಟಗಾರನಿಗೆ ಸಂಬಳ ಕೊಡುವುದಿಲ್ಲ. 82,300 ಜನ ಹಿಡಿಸುವ ಕ್ರೋಕ್ ಪಾರ್ಕ್‌ನಲ್ಲಿ ಫೈನಲ್ ಆಡಿದವನೂ ಸೋಮವಾರ ಶಾಲೆಗೆ ಪಾಠ ಮಾಡಲು ಹೋಗಬೇಕಾದೀತು. 2018ರಲ್ಲಿ ಪ್ರಕಟವಾದ ಐರ್ಲೆಂಡಿನ ಆರ್ಥಿಕ, ಸಾಮಾಜಿಕ ಸಂಶೋಧನಾ ಸಂಸ್ಥೆ ಇಎಸ್‌ಆರ್‌ಐನ ಅಧ್ಯಯನದ ಪ್ರಕಾರ ಕೌಂಟಿ ಮಟ್ಟದ ಆಟಗಾರರು ವಾರಕ್ಕೆ 31 ಗಂಟೆಗಳವರೆಗೆ ಆಟಕ್ಕೆ ಕೊಡುತ್ತಾರೆ. ಜೂನಿಯರ್ ಆಟಗಾರ ಅಷ್ಟು ಕೊಡುವುದಿಲ್ಲ, ನಿಜ. ಆದರೆ ಅವನು ಸದಸ್ಯತ್ವದ ದುಡ್ಡನ್ನು ತಾನೇ ಕಟ್ಟಿ ಆಡುತ್ತಾನೆ. ಕ್ಲಬ್ ಎಂದರೆ ಅವನು ಬೆಳೆದ ಪ್ಯಾರಿಷ್, ಒಂದು ಚರ್ಚಿನ ಸುತ್ತಲಿನ ಊರು. ಹಣ ಕೊಟ್ಟು ಬೇರೆ ಊರಿನ ಒಳ್ಳೆಯ ಗೋಲಿಯನ್ನು ತರುವಂತಿಲ್ಲ. ಊರಲ್ಲಿ ಯಾರಿದ್ದಾರೋ ಅವರೇ.

ಲೀಟ್ರಿಮ್‌ನಲ್ಲಿ ಯಾರಿದ್ದಾರೆ? 2022ರ ಜನಗಣತಿಯಲ್ಲಿ ಇಡೀ ಕೌಂಟಿಗೆ ಸುಮಾರು 35,000 ಜನ, ದೇಶದಲ್ಲೇ ಅತಿ ಕಡಿಮೆ. ಹುಡುಗರು ಓದಿಗೆ, ಕೆಲಸಕ್ಕೆ ಡಬ್ಲಿನ್ ಸೇರುತ್ತಾರೆ, ಕೆಲವರು ಆಸ್ಟ್ರೇಲಿಯಾ. 2025ರ ರಾಷ್ಟ್ರೀಯ ಲೀಗ್‌ನಲ್ಲಿ ಆಡಲು ಆಟಗಾರರು ಸಾಲದೆ ಕೌಂಟಿ ತಂಡವೇ ಒಂದು ಪಂದ್ಯ ಬಿಟ್ಟುಕೊಡಬೇಕಾಯಿತು. ಕೌಂಟಿಯ ಗತಿಯೇ ಹೀಗಿರುವಾಗ ಒಂದು ಪ್ಯಾರಿಷ್ ಹದಿನೈದು ಜನರನ್ನು ಹೊಂದಿಸುವುದೇ ಸಾಹಸ. ಇದೇ ಕೌಂಟಿ 1994ರಲ್ಲಿ ಮೇಯೋ ಕೌಂಟಿಯನ್ನು ಸೋಲಿಸಿ ಕಾನಕ್ಟ್ ಪ್ರಾಂತ್ಯದ ಪ್ರಶಸ್ತಿ ಗೆದ್ದಿತ್ತು. ಅದಕ್ಕೆ ಮೊದಲಿನ ಗೆಲುವು 1927ರದ್ದು. ನಡುವಿನ 67 ವರ್ಷ ಸೋಲುತ್ತಲೇ ಆಡಿದವರು ಮನೆಗೆ ಹೋಗಿ ಮಲಗಿದ್ದರೆ 1994 ಬರುತ್ತಲೇ ಇರಲಿಲ್ಲ.

ಹಾಗಂತ ಪಾಪ, ಸಂಬಳವಿಲ್ಲದವನು, ಏನೂ ಅನ್ನಬೇಡಿ ಎನ್ನುವವರ ಜೊತೆ ನಾನಿಲ್ಲ. ಆ ಕರುಣೆ ಕೂಡ ಅವಮಾನವೇ. ತರಬೇತುದಾರ ಅರ್ಧವಿರಾಮದಲ್ಲಿ "ಹಿಂದಕ್ಕೆ ವಾಲ್ತಿದ್ದೀಯ, ಎದೆ ಬಗ್ಗಿಸು" ಎಂದು ಗದರಿದಾಗ ಅದೇ ಗೋಲಿ ತಲೆಯಾಡಿಸಿ ಕೇಳಿಸಿಕೊಂಡ. ಅದೂ ಟೀಕೆಯೇ, ಕಟುವಾಗಿಯೇ ಇತ್ತು. ಆದರೆ ಅವನು ತಿದ್ದಿಕೊಳ್ಳಬಹುದಾದ ಏನೋ ಅದರಲ್ಲಿತ್ತು. "ಮನೆಗೆ ಹೋಗಿ ಮಲಗೋ" ಎಂಬುದರಲ್ಲಿ ತಿದ್ದಿಕೊಳ್ಳಲು ಏನಿದೆ? ಕೂಗಿದವನು ಕೆಟ್ಟವನೆಂದು ನನಗನ್ನಿಸಲಿಲ್ಲ. ಮಳೆಯಲ್ಲಿ ಬಂದು ನಿಂತಿದ್ದ, ಊರಿನ ಸೋಲು ಅವನಿಗೂ ನೋಯುತ್ತಿತ್ತು.

ಮಂಗಳವಾರ ಸಂಜೆ ಕ್ಲಬ್ಬಿನ ಅಭ್ಯಾಸ. ಗೋಲಿ ಕಿಕ್‌ಔಟ್ ತಿದ್ದಿಕೊಳ್ಳಬೇಕಾದರೆ ಒಂದೇ ಸಂಜೆ ಮೂವತ್ತು ನಲವತ್ತು ಚೆಂಡು ಒದೆಯಬೇಕು. ಕಮಾನಿನ ಆಚೆ ಬಿದ್ದವನ್ನು ಹೆಕ್ಕಿ ಅವನಿಗೆ ಮರಳಿ ಕೊಡಲು ಅಲ್ಲೊಬ್ಬರು ನಿಲ್ಲಬೇಕು. ಆ ಕೆಲಸಕ್ಕೆ ಆಟ ಬರಬೇಕೆಂದಿಲ್ಲ, ಮಳೆಯಂಗಿ ಇದ್ದರೆ ಸಾಕು.